ವ್ಯಾಯಾಮಾಚಾರ್ಯ ಕೆ. ವಿ. ಅಯ್ಯರ್

ಕನ್ನಡ ಓದುಗರಿಗೆ ಕೆ. ವಿ. ಅಯ್ಯರ್ ಅವರು ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಕರ್ತೃವಾಗಿ ಚಿರಪರಿಚಿತರು. ಆದರೆ ಅವರು ತಮ್ಮ ಜೀವಿತದ ಬಹುಭಾಗವನ್ನು ಮುಡಿಪಾಗಿಟ್ಟದ್ದು ಅಂಗಸಾಧನೆಗೆ ಮತ್ತು ಅದರ ಬೋಧನೆಗೆ. ಸ್ವತಃ ದೇಹದಾರ್ಢ್ಯಪಟುವಾಗಿ ಹೆಸರು ಗಳಿಸಿ, ತಮ್ಮ ಶರೀರದ ಮೇಲೆ ಪ್ರಯೋಗಿಸಿ ಕಂಡುಕೊಂಡ ಕ್ರಮವನ್ನು ಇತರರಿಗೆ ಕಲಿಸಿದ ಅಯ್ಯರ್ ಅವರು ಕರ್ನಾಟಕದ ಕ್ರೀಡಾ ಶಿಕ್ಷಣದ ಇತಿಹಾಸದಲ್ಲಿ ವಿಶಿಷ್ಟ ಸ್ಥಾನವನ್ನು ಪಡೆದಿದ್ದಾರೆ. ದೇಹಬಲವು ಹುಟ್ಟಿನಿಂದ ದೊರೆಯುವ ವರವೆಂದು ಜನಸಾಮಾನ್ಯರು ಭಾವಿಸಿದ್ದ ಕಾಲದಲ್ಲಿ, ಅದನ್ನು ವಿದ್ಯೆಯಂತೆಯೇ ಯಾರು ಬೇಕಾದರೂ ಕಲಿತು ಸಂಪಾದಿಸಬಹುದೆಂದು ತೋರಿಸಿದ್ದು ಅವರ ಮುಖ್ಯ ಕೊಡುಗೆಯಾಗಿದೆ.

ಜನನ ಮತ್ತು ಹಿನ್ನೆಲೆ

ಕೋಲಾರ ವೆಂಕಟೇಶ ಅಯ್ಯರ್ ಅವರು 19ನೆಯ ಶತಮಾನದ ಕೊನೆಯ ದಶಕದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ ಜನಿಸಿದರು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯು ರಚನೆಯಾಗುವವರೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳು ಕೋಲಾರ ಜಿಲ್ಲೆಗೇ ಸೇರಿದ್ದವು. ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿರುವ ಪೆರೇಸಂದ್ರದ ಹೆಸರಿನಲ್ಲಿರುವ ‘ಸಂದ್ರ’ ಮತ್ತು ದೇವರಾಯಸಮುದ್ರದ ‘ಸಮುದ್ರ’ ಎರಡೂ ಒಂದೇ ಪದವಾಗಿದ್ದು, ದೊಡ್ಡ ಕೆರೆಯನ್ನು ಸೂಚಿಸುತ್ತವೆ. ನದಿಯ ಆಸರೆಯಿಲ್ಲದೆ ಕೆರೆಯ ನೀರನ್ನೇ ನಂಬಿ, ರಾಗಿಯನ್ನು ಬೆಳೆದು ಬದುಕುತ್ತಿದ್ದ ಈ ಬಯಲುಸೀಮೆಯೇ ಅಯ್ಯರ್ ಅವರ ಮೂಲ ನೆಲ. ತಮ್ಮ ಹೆಸರಿನ ಮೊದಲಲ್ಲಿ ಅವರು ಕೋಲಾರವನ್ನು ಕೊನೆಯವರೆಗೂ ಉಳಿಸಿಕೊಂಡರು.

ಅಂದಿನ ಸಾಮಾಜಿಕ ಪರಿಸ್ಥಿತಿ

ಅಯ್ಯರ್ ಅವರ ಯೌವನದ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ದೇಹಸಾಧನೆಯ ಕೇಂದ್ರಗಳೆಂದರೆ ಗರಡಿಮನೆಗಳು. ಕೆಮ್ಮಣ್ಣಿನ ಅಖಾಡದಲ್ಲಿ ದಂಡ, ಬಸ್ಕಿ, ಗದೆ, ಲೋಡು ಮುಂತಾದ ಸಾಧನೆಗಳನ್ನು ಉಸ್ತಾದರ ಕಣ್ಣೆದುರಿನಲ್ಲಿಯೇ ಕಲಿಯಬೇಕಾಗಿತ್ತು. ಜಟ್ಟಿಗಳಿಗೆ ಅರಮನೆಯ ಆಶ್ರಯವಿದ್ದು, ದಸರಾ ಸಂದರ್ಭದ ಮಲ್ಲಯುದ್ಧಗಳು ಜನಪ್ರಿಯವಾಗಿದ್ದವು. ಆದರೆ ಶಾಲೆ, ಕಚೇರಿಗಳ ಕಡೆಗೆ ಮುಖ ಮಾಡಿದ್ದ ಹೊಸ ವಿದ್ಯಾವಂತ ವರ್ಗಕ್ಕೆ ಗರಡಿಯು ದೂರದ ಲೋಕವಾಗಿತ್ತು. ಓದುವವನಿಗೆ ಮೈಬಲದ ಹಂಗೇಕೆ, ಮೈಬಲವುಳ್ಳವನಿಗೆ ಓದಿನ ಗೊಡವೆಯೇಕೆ ಎಂಬ ಭಾವನೆಯು ಬೇರೂರಿತ್ತು. ಭಾರತೀಯರು ದೈಹಿಕವಾಗಿ ದುರ್ಬಲರೆಂಬ ಆಳರಸರ ಮಾತು ಕೂಡ ವಿದ್ಯಾವಂತರ ಮನಸ್ಸನ್ನು ಚುಚ್ಚುತ್ತಿತ್ತು.

ಇದೇ ಅವಧಿಯಲ್ಲಿ ಪಾಶ್ಚಾತ್ಯ ದೇಹದಾರ್ಢ್ಯ ಪದ್ಧತಿಯು ಭಾರತವನ್ನು ಪ್ರವೇಶಿಸಿತು. ಯುರೋಪಿನ ಪ್ರಸಿದ್ಧ ಬಲಶಾಲಿ ಯೂಜೀನ್ ಸ್ಯಾಂಡೋ 1904–05ರಲ್ಲಿ ಭಾರತದಲ್ಲಿ ಪ್ರವಾಸ ಮಾಡಿ ಪ್ರದರ್ಶನಗಳನ್ನು ನೀಡಿದ ನಂತರ, ಡಂಬೆಲ್ ಮತ್ತು ಬಾರ್‌ಬೆಲ್‌ಗಳು ನಗರದ ಯುವಕರಿಗೆ ಪರಿಚಿತವಾದವು. ಈ ಎರಡು ಪರಂಪರೆಗಳ ಸಂಧಿಕಾಲದಲ್ಲಿ ಬೆಳೆದ ಅಯ್ಯರ್ ಅವರು ಎರಡನ್ನೂ ಅರಿತು, ತಮಗೆ ಸರಿಕಂಡದ್ದನ್ನು ಆಯ್ದುಕೊಂಡರು.

ವ್ಯಾಯಾಮ ಶಿಕ್ಷಕರಾಗಿ ಅಯ್ಯರ್

ಅಯ್ಯರ್ ಅವರು 1920ರ ದಶಕದಲ್ಲಿ ಬೆಂಗಳೂರಿನಲ್ಲಿ ‘ಹರ್ಕ್ಯುಲಿಸ್ ಜಿಮ್ನಾಸಿಯಂ’ ಎಂಬ ವ್ಯಾಯಾಮ ಶಾಲೆಯನ್ನು ನಡೆಸತೊಡಗಿದರು. ಗುರುವಿಗೆ ಮೊದಲ ಪ್ರಮಾಣಪತ್ರ ಆತನ ಶರೀರವೇ ಎಂಬಂತೆ, ಶಿಲ್ಪದಂತೆ ರೂಪುಗೊಂಡಿದ್ದ ಅವರ ಅಂಗಸೌಷ್ಠವವು ಛಾಯಾಚಿತ್ರಗಳ ಮೂಲಕ ದೂರದವರೆಗೂ ಪ್ರಚಾರ ಪಡೆಯಿತು.

ಅವರ ಕ್ರಮದಲ್ಲಿ ಮೂರು ಅಂಶಗಳು ಸೇರಿದ್ದವು. ಮೊದಲನೆಯದು, ಬಾರ್‌ಬೆಲ್ ಮುಂತಾದ ಭಾರದ ಸಾಧನಗಳಿಂದ ಸ್ನಾಯುಗಳನ್ನು ಬಲಪಡಿಸುವುದು. ಎರಡನೆಯದು, ಯೋಗಾಸನಗಳಿಂದ ದೇಹದ ನಮ್ಯತೆಯನ್ನೂ ಒಳ ಅವಯವಗಳ ಸ್ವಾಸ್ಥ್ಯವನ್ನೂ ಕಾಪಾಡಿಕೊಳ್ಳುವುದು. ಮೂರನೆಯದು ಸೂರ್ಯನಮಸ್ಕಾರ. ಔಂಧ್ ಸಂಸ್ಥಾನದ ರಾಜರು 1920ರ ದಶಕದಲ್ಲಿ ಸೂರ್ಯನಮಸ್ಕಾರವನ್ನು ವ್ಯಾಯಾಮವಾಗಿ ಪ್ರಚುರಪಡಿಸಿದ್ದರು. ಅಯ್ಯರ್ ಅವರು ಇದನ್ನು ತಮ್ಮ ಶಿಕ್ಷಣದಲ್ಲಿ ಅಳವಡಿಸಿಕೊಂಡದ್ದಲ್ಲದೆ, 1937ರಲ್ಲಿ ಆ ವಿಷಯವಾಗಿ ಇಂಗ್ಲಿಷ್ ಪುಸ್ತಕವೊಂದನ್ನೂ ಹೊರತಂದರು. ಯೋಗ ಶಿಕ್ಷಕರಾದ ಸುಂದರಂ ಅವರೊಡನೆ ಸೇರಿ ಅನೇಕ ಕಡೆ ಉಪನ್ಯಾಸ ಮತ್ತು ಪ್ರಾತ್ಯಕ್ಷಿಕೆಗಳನ್ನು ನಡೆಸಿ, ಭಾರ ಎತ್ತುವಿಕೆ ಮತ್ತು ಆಸನ ಪರಸ್ಪರ ಪೂರಕವೆಂಬುದನ್ನು ಸಭಿಕರ ಮುಂದೆ ಮಾಡಿ ತೋರಿಸಿದರು.

ಈ ಸಮನ್ವಯದ ಮಹತ್ವವು ಇಂದಿನ ಕ್ರೀಡಾಪಟುಗಳಿಗೆ ಸುಲಭವಾಗಿ ಅರ್ಥವಾಗುತ್ತದೆ. 7.26 ಕಿಲೋಗ್ರಾಂ ತೂಕದ ಹ್ಯಾಮರನ್ನು ವೃತ್ತದೊಳಗೆ ತಿರುಗಿ ಎಸೆಯುವವರಿಗಾಗಲೀ, ಅಷ್ಟೇ ತೂಕದ ಗುಂಡನ್ನು ಎಸೆಯುವವರಿಗಾಗಲೀ ಬಲದಷ್ಟೇ ನಮ್ಯತೆಯೂ ಅವಶ್ಯಕ. ಆದರೆ ಭಾರ ಎತ್ತಿದರೆ ಸ್ನಾಯುಗಳು ಬಿಗಿದು ಕ್ರೀಡಾಪಟುವು ನಿಧಾನಿಯಾಗುತ್ತಾನೆಂಬ ನಂಬಿಕೆಯು 1950ರ ದಶಕದವರೆಗೂ ಪಾಶ್ಚಾತ್ಯ ತರಬೇತುದಾರರಲ್ಲಿ ವ್ಯಾಪಕವಾಗಿತ್ತು. ಭಾರ ಎತ್ತುವ ಸಾಧನೆಯನ್ನು ನಿಷ್ಠೆಯಿಂದ ನಡೆಸಿದ ಅಮೆರಿಕದ ಗುಂಡು ಎಸೆತಗಾರ ಪ್ಯಾರಿ ಓಬ್ರಿಯನ್ 1952 ಮತ್ತು 1956ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನದ ಪದಕ ಗಳಿಸಿದ ಮೇಲೆ ಆ ನಂಬಿಕೆಯು ಸಡಿಲವಾಗತೊಡಗಿತು. ಅಯ್ಯರ್ ಅವರು ಎಸೆತದ ಕ್ರೀಡೆಗಳಿಗೆಂದು ತಮ್ಮ ಕ್ರಮವನ್ನು ರೂಪಿಸಿದವರಲ್ಲ. ಆದರೂ ಬಲ ಮತ್ತು ನಮ್ಯತೆಗಳನ್ನು ಒಂದೇ ಶರೀರದಲ್ಲಿ ಬೆಳೆಸಬಹುದೆಂಬ ಪಾಠವು ಅವರ ಶಾಲೆಯಲ್ಲಿ ಎರಡು ದಶಕಗಳ ಮೊದಲೇ ನಿತ್ಯದ ಅಭ್ಯಾಸವಾಗಿತ್ತು.

ಅಂಚೆಯ ಮೂಲಕ ಶಿಕ್ಷಣ

ವ್ಯಾಯಾಮ ಶಾಲೆಗೆ ಬರಲಾಗದವರಿಗಾಗಿ ಅಯ್ಯರ್ ಅವರು ಅಂಚೆ ಶಿಕ್ಷಣವನ್ನು ಏರ್ಪಡಿಸಿದರು. ಗುರುವಿನ ಎದುರಿನಲ್ಲಿ ಮಾತ್ರ ಕಲಿಯಬಹುದಾಗಿದ್ದ ವಿದ್ಯೆಯು ಇದರಿಂದಾಗಿ ಲಿಖಿತ ರೂಪದಲ್ಲಿ ದೂರದ ಊರುಗಳನ್ನು ತಲುಪಿತು. 1930ರಲ್ಲಿ ‘ಮಸಲ್ ಕಲ್ಟ್’ ಮತ್ತು 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’ ಎಂಬ ಅವರ ಇಂಗ್ಲಿಷ್ ಗ್ರಂಥಗಳು ಪ್ರಕಟವಾದವು. ಅವರಿಂದ ಕಲಿತ ಶಿಷ್ಯರು ತಾವೂ ಶಿಕ್ಷಕರಾದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಾಚಾರ್ಯ ಟಿ. ಕೃಷ್ಣಮಾಚಾರ್ಯರು ಯೋಗಶಾಲೆಯನ್ನು ನಡೆಸುತ್ತಿದ್ದ ದಿನಗಳಲ್ಲಿ, ಅದರ ಸಮೀಪದಲ್ಲಿಯೇ ಅಯ್ಯರ್ ಅವರ ಶಿಷ್ಯರೊಬ್ಬರು ದೇಹದಾರ್ಢ್ಯವನ್ನು ಕಲಿಸುತ್ತಿದ್ದರು.

ಮಹಾರಾಜರ ಆಶ್ರಯ ಮತ್ತು ವ್ಯಾಯಾಮಶಾಲೆ

ಅಯ್ಯರ್ ಅವರ ವಿದ್ಯೆಗೆ ಕಠಿಣ ಪರೀಕ್ಷೆಯು ಎದುರಾದದ್ದು ಅರಮನೆಯಲ್ಲಿ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಪಾರ್ಶ್ವವಾಯುವಿನಿಂದ ಬಳಲಿದಾಗ ಅವರ ಶುಶ್ರೂಷೆಗೆ ಅಯ್ಯರ್ ಅವರನ್ನು ಕರೆಸಲಾಯಿತು. ಆರೋಗ್ಯವಂತ ಯುವಕರನ್ನು ಬಲಿಷ್ಠರನ್ನಾಗಿ ಮಾಡುವುದು ಒಂದು ಬಗೆಯ ಕೆಲಸವಾದರೆ, ಸ್ವಾಧೀನ ತಪ್ಪಿದ ಅಂಗಗಳಿಗೆ ಚಲನೆಯನ್ನು ಮರಳಿ ಕಲಿಸುವುದು ಬೇರೊಂದು ಬಗೆಯ ಕೆಲಸ. ರೋಗಿಯು ನಾಡಿನ ಪ್ರಭುವಾಗಿದ್ದುದರಿಂದ ಹೊಣೆಯು ಇನ್ನಷ್ಟು ಭಾರವಾಗಿತ್ತು. ಅಂಗಮರ್ದನ ಮತ್ತು ಕ್ರಮಬದ್ಧ ವ್ಯಾಯಾಮದಿಂದ ಮಹಾರಾಜರಿಗೆ ಉಪಶಮನ ದೊರೆಯಿತು. ಇದರಿಂದ ಸಂತುಷ್ಟರಾದ ಅವರು ನೀಡಿದ ನೆರವಿನಿಂದ ಬೆಂಗಳೂರಿನ ಇಂದಿನ ಜೆ. ಸಿ. ರಸ್ತೆಯಲ್ಲಿ ‘ವ್ಯಾಯಾಮಶಾಲೆ’ಯ ಕಟ್ಟಡವು ಮೇಲೆದ್ದಿತು. ಅದು ಕಾರ್ಯಾರಂಭ ಮಾಡಿದ 1940ನೆಯ ವರ್ಷದ ಆಗಸ್ಟ್ 3ರಂದು ಮಹಾರಾಜರು ನಿಧನರಾದರು. ಅವರ ನೆರವಿನ ಗುರುತಾಗಿ ಉಳಿದ ವ್ಯಾಯಾಮಶಾಲೆಯು ನಗರದ ಯುವಕರಿಗೆ ಅಂಗಸಾಧನೆಯ ಕೇಂದ್ರವಾಯಿತು.

ರಂಗಭೂಮಿ ಮತ್ತು ಸಾಹಿತ್ಯ

ಕನ್ನಡದ ಹೆಸರಾಂತ ನಾಟಕಕಾರ ಟಿ. ಪಿ. ಕೈಲಾಸಂ ಅವರು ಅಯ್ಯರ್ ಅವರ ಆತ್ಮೀಯ ಸ್ನೇಹಿತರಾಗಿದ್ದರು. ಇಂಗ್ಲೆಂಡಿನಲ್ಲಿ ಭೂವಿಜ್ಞಾನವನ್ನು ವ್ಯಾಸಂಗ ಮಾಡಿ ಬಂದು ರಂಗಭೂಮಿಗೆ ತಮ್ಮನ್ನು ಅರ್ಪಿಸಿಕೊಂಡ ಕೈಲಾಸಂ ಅವರು 1946ರಲ್ಲಿ ಕಾಲವಾದರು. ಅವರೊಡನೆ ಕಳೆದ ದಿನಗಳ ನೆನಪುಗಳನ್ನು ಅಯ್ಯರ್ ಅವರು ಗ್ರಂಥರೂಪಕ್ಕೆ ತಂದರು. ‘ರವಿ ಕಲಾವಿದರು’ ಎಂಬ ಹವ್ಯಾಸಿ ನಾಟಕ ತಂಡಕ್ಕೂ ಅಯ್ಯರ್ ಅವರು ಬೆಂಬಲವಾಗಿದ್ದರು.

ಅವರ ‘ಶಾಂತಲಾ’ ಕಾದಂಬರಿಯು ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದರಸಿಯ ಬಾಳನ್ನು ಚಿತ್ರಿಸುತ್ತದೆ. ‘ರೂಪದರ್ಶಿ’ಯ ಕಥೆಯು ಇಟಲಿಯ ಕಲಾಲೋಕಕ್ಕೆ ಸೇರಿದ್ದು. ಬಾಲ ಏಸುವಿನ ಚಿತ್ರಕ್ಕೆ ಮಾದರಿಯಾಗಿದ್ದ ಮುಗ್ಧ ಬಾಲಕನೇ ವರ್ಷಗಳು ಉರುಳಿದ ಮೇಲೆ ದ್ರೋಹಿ ಜೂದಾಸನ ಚಿತ್ರಕ್ಕೆ ಮಾದರಿಯಾಗಿ ಕಲಾವಿದನ ಮುಂದೆ ಬಂದು ನಿಲ್ಲುತ್ತಾನೆ. ಬದುಕಿದ ರೀತಿಯು ಮುಖದಲ್ಲಿಯೂ ಮೈಯಲ್ಲಿಯೂ ಅಚ್ಚೊತ್ತುತ್ತದೆಂಬ ಈ ಕಥಾವಸ್ತುವಿಗೂ, ನಿತ್ಯದ ನಡವಳಿಕೆಯಿಂದಲೇ ಶರೀರವು ರೂಪುಗೊಳ್ಳುತ್ತದೆಂಬ ಅವರ ವ್ಯಾಯಾಮ ತತ್ತ್ವಕ್ಕೂ ಇರುವ ಸಂಬಂಧವು ಗಮನಾರ್ಹವಾಗಿದೆ.

ಕೊನೆಯ ದಿನಗಳು ಮತ್ತು ಕೊಡುಗೆ

ಕೆ. ವಿ. ಅಯ್ಯರ್ ಅವರು 1980ರಲ್ಲಿ ನಿಧನರಾದರು. ಸ್ವದೇಶದಲ್ಲಿ ಅವರ ಕಾದಂಬರಿಗಳ ಕೀರ್ತಿಯು ಉಳಿದು, ವ್ಯಾಯಾಮ ಶಿಕ್ಷಕರೆಂಬ ನೆನಪು ಕ್ರಮೇಣ ಮಸುಕಾಯಿತು. ಆದರೆ ಆಧುನಿಕ ಯೋಗದ ಚರಿತ್ರೆಯನ್ನು ಶೋಧಿಸಿದ ವಿದ್ವಾಂಸರು ಅವರನ್ನು ಮರಳಿ ಬೆಳಕಿಗೆ ತಂದಿದ್ದಾರೆ. 2010ರಲ್ಲಿ ಪ್ರಕಟವಾದ ಮಾರ್ಕ್ ಸಿಂಗಲ್ಟನ್ ಅವರ ‘ಯೋಗ ಬಾಡಿ’ ಗ್ರಂಥದಲ್ಲಿ, ಆಸನ ಮತ್ತು ದೇಹದಾರ್ಢ್ಯಗಳನ್ನು ಒಂದುಗೂಡಿಸಿದವರ ಸಾಲಿನಲ್ಲಿ ಅಯ್ಯರ್ ಅವರ ಪ್ರಯತ್ನವನ್ನು ಚರ್ಚಿಸಲಾಗಿದೆ.

ಪೆರೇಸಂದ್ರದಂತಹ ಊರುಗಳಿಂದ ಮೊದಲ್ಗೊಂಡು ಬಯಲುಸೀಮೆಯ ಶಾಲಾ ಮೈದಾನಗಳಲ್ಲಿ ಗುಂಡು, ಚಕ್ರ, ಹ್ಯಾಮರ್ ಹಿಡಿದು ನಿಲ್ಲುವ ವಿದ್ಯಾರ್ಥಿಗಳಿಗೆ ಅಯ್ಯರ್ ಅವರ ಜೀವನವು ಸಮೀಪದ ಮಾದರಿಯಾಗಿದೆ. ತಮ್ಮದೇ ಸೀಮೆಯ ಕೆರೆಯಂಗಳದ ಊರೊಂದರಲ್ಲಿ ಹುಟ್ಟಿದವರು ಪ್ರತಿದಿನದ ಸಾಧನೆಯಿಂದ ಶರೀರವನ್ನು ಕಟ್ಟಿಕೊಂಡರು, ಕಲಿತದ್ದನ್ನು ಬರೆದಿಟ್ಟರು, ಬಲಿಷ್ಠರಿಗೂ ರೋಗಿಗಳಿಗೂ ಸಮಾನವಾಗಿ ಹಂಚಿದರು, ಅದೇ ಕೈಯಿಂದ ಕಾದಂಬರಿಗಳನ್ನೂ ಬರೆದರು. ಓದು ಮತ್ತು ಕ್ರೀಡೆಗಳಲ್ಲಿ ಒಂದನ್ನು ಪಡೆಯಲು ಮತ್ತೊಂದನ್ನು ಬಿಡಬೇಕಾಗಿಲ್ಲವೆಂಬುದಕ್ಕೆ ಅವರ ಬದುಕೇ ಸಾಕ್ಷಿಯಾಗಿದೆ.