ಸೇನಾಪತಿಯ ಕೊನೆಯ ಕಾಯಕ

ಆಯುಸ್ಸು ಧಾರಾಳವಾಗಿದೆಯೆಂದು ತೋರುವವರೆಗೆ, ಬಾಳಿನಲ್ಲಿ ಮುಖ್ಯವಾದುದು ಯಾವುದು, ಅಮುಖ್ಯವಾದುದು ಯಾವುದು ಎಂಬ ವಿವೇಚನೆ ಮನುಷ್ಯನಲ್ಲಿ ಹುಟ್ಟುವುದು ವಿರಳ. ಉಳಿದಿರುವುದು ಕೆಲವೇ ತಿಂಗಳೆಂದು ತಿಳಿದಾಗ ಆ ವಿವೇಚನೆ ತಾನಾಗಿ ಬರುತ್ತದೆ. ಆದರೆ ಬಂದ ವಿವೇಕವನ್ನು ಕಾರ್ಯದಲ್ಲಿ ಇಳಿಸುವ ಶಕ್ತಿ ಎಲ್ಲರಿಗೂ ಬರುವುದಿಲ್ಲ. ಅಮೇರಿಕಾ ದೇಶದ ಸೇನಾಪತಿಯೂ ರಾಷ್ಟ್ರಾಧ್ಯಕ್ಷನೂ ಆಗಿದ್ದ ಯುಲಿಸಿಸ್ ಗ್ರಾಂಟನ ಕೊನೆಯ ವರ್ಷವು ಅಂತಹ ಶಕ್ತಿಗೆ ಒಂದು ನಿದರ್ಶನವಾಗಿದೆ.

ಗ್ರಾಂಟನು ೧೮೨೨ನೆಯ ಇಸವಿ ಏಪ್ರಿಲ್ ೨೭ರಂದು ಒಹಾಯೊ ಸಂಸ್ಥಾನದಲ್ಲಿ ಜನಿಸಿದನು. ತಂದೆ ಚರ್ಮ ಹದಮಾಡುವ ಉದ್ಯೋಗದವನು. ಮಗನಿಗೆ ಆ ಉದ್ಯೋಗ ರುಚಿಸದು. ಕುದುರೆಗಳೆಂದರೆ ಮಾತ್ರ ಪ್ರಾಣ. ವೆಸ್ಟ್ ಪಾಯಿಂಟಿನ ಸೈನಿಕ ಶಾಲೆಯಲ್ಲಿ ಓದಿ ೧೮೪೩ರಲ್ಲಿ ಹೊರಬಂದು, ಮೆಕ್ಸಿಕೊ ಯುದ್ಧದಲ್ಲಿ ಕಾದಿ, ೧೮೪೮ರಲ್ಲಿ ಜೂಲಿಯಾ ಎಂಬವಳನ್ನು ಮದುವೆಯಾದನು. ೧೮೫೪ರಲ್ಲಿ ಸೈನ್ಯವನ್ನು ಬಿಟ್ಟ ಬಳಿಕ ಕೈಹಿಡಿದ ಕೆಲಸಗಳೊಂದೂ ಫಲಿಸಲಿಲ್ಲ. ಒಕ್ಕಲುತನ ಮಾಡಿದನು, ಸೇಂಟ್ ಲೂಯಿ ನಗರದ ಬೀದಿಗಳಲ್ಲಿ ಸೌದೆ ಮಾರಿದನು. ಅಂತಹ ಬಡತನದಲ್ಲಿಯೂ, ತನ್ನ ಒಡೆತನದಲ್ಲಿದ್ದ ಒಬ್ಬ ಗುಲಾಮನನ್ನು ೧೮೫೯ರಲ್ಲಿ ಸ್ವತಂತ್ರನನ್ನಾಗಿ ಮಾಡಿದನು. ಆ ದೇಶದ ಅಂದಿನ ಕಾನೂನಿನಂತೆ ಅವನನ್ನು ಮಾರಿದ್ದರೆ ಮನೆಯ ಕಷ್ಟವು ಬಹುಕಾಲ ನೀಗುತ್ತಿತ್ತು. ಕೊನೆಗೆ ತಂದೆಯ ಚರ್ಮದ ಅಂಗಡಿಯಲ್ಲಿಯೇ ಗುಮಾಸ್ತೆಯಾಗಿ ಕುಳಿತನು.

೧೮೬೧ರಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂದು ದಕ್ಷಿಣದ ಸಂಸ್ಥಾನಗಳು ಬೇರೆಯಾದಾಗ ಅಂತರ್ಯುದ್ಧವು ಹೊತ್ತಿಕೊಂಡಿತು. ಗುಮಾಸ್ತೆಯು ಮತ್ತೆ ಸೈನಿಕನಾದನು. ೧೮೬೨ರಲ್ಲಿ ಡೊನೆಲ್ಸನ್ ಕೋಟೆ, ೧೮೬೩ರಲ್ಲಿ ವಿಕ್ಸ್‌ಬರ್ಗ್ ನಗರ ಅವನ ಕೈಗೆ ಬಂದವು. ೧೮೬೪ರಲ್ಲಿ ಅಧ್ಯಕ್ಷ ಲಿಂಕನನು ಅವನನ್ನು ಸಮಸ್ತ ಸೇನೆಗಳ ಅಧಿಪತಿಯನ್ನಾಗಿ ನೇಮಿಸಿದನು. ೧೮೬೫ನೆಯ ಏಪ್ರಿಲ್ ೯ರಂದು ಎದುರಾಳಿ ಸೇನಾನಿ ಲೀ ಶರಣಾದಾಗ, ಸೋತವರು ಊರಿಗೆ ಹೋಗಿ ಹೊಲ ಉಳಲೆಂದು ಅವರ ಕುದುರೆಗಳನ್ನು ಅವರಿಗೇ ಬಿಟ್ಟುಕೊಟ್ಟನು. ಹಸಿದಿದ್ದ ಅವರ ಸೈನ್ಯಕ್ಕೆ ಆಹಾರ ಕಳುಹಿಸಿದನು. ತನ್ನವರು ಹಾರಿಸುತ್ತಿದ್ದ ವಿಜಯದ ತೋಪುಗಳನ್ನು ನಿಲ್ಲಿಸಿದನು.

೧೮೬೯ರಿಂದ ೧೮೭೭ರವರೆಗೆ ಅವನು ರಾಷ್ಟ್ರಾಧ್ಯಕ್ಷನಾಗಿದ್ದನು. ಜನಾಂಗದ ಕಾರಣದಿಂದ ಯಾರ ಮತದಾನದ ಹಕ್ಕನ್ನೂ ತಡೆಯಬಾರದೆಂಬ ತಿದ್ದುಪಡಿ ೧೮೭೦ರಲ್ಲಿ ರಾಜ್ಯಾಂಗಕ್ಕೆ ಸೇರಿತು. ಆದರೆ ಅವನ ಕೈಕೆಳಗಿನ ಹಲವರು ಲಂಚಕೋರರೆಂದು ಬಯಲಾಯಿತು. ತಾನು ಕಪಟವನ್ನರಿಯದವನಾದುದರಿಂದ ಅವನು ಇತರರಲ್ಲಿಯೂ ಕಪಟವನ್ನು ಕಾಣದೆ ಹೋದನು. ಪದವಿ ಮುಗಿದ ಮೇಲೆ ಪತ್ನಿಯೊಡನೆ ಲೋಕಸಂಚಾರ ಮಾಡಿದನು. ೧೮೭೯ರಲ್ಲಿ ನಮ್ಮ ದೇಶಕ್ಕೂ ಬಂದು ಮುಂಬಯಿ, ಆಗ್ರಾ, ಕಲ್ಕತ್ತೆಗಳನ್ನು ನೋಡಿಹೋದನು.

ಇತರರನ್ನು ಸುಲಭವಾಗಿ ನಂಬುವ ಆ ಸ್ವಭಾವವೇ ಮುಂದೆ ಅವನ ಮನೆಯನ್ನು ಕೆಡವಿತು. ನ್ಯೂಯಾರ್ಕಿನಲ್ಲಿ ಮಗನ ಜೊತೆಗಾರನಾದ ಫರ್ಡಿನೆಂಡ್ ವಾರ್ಡ್ ಎಂಬವನು ನಡೆಸುತ್ತಿದ್ದ ಹಣಕಾಸಿನ ಕೋಠಿಯಲ್ಲಿ ಗ್ರಾಂಟನು ತನ್ನ ಸರ್ವಸ್ವವನ್ನೂ ತೊಡಗಿಸಿದ್ದನು. ೧೮೮೪ನೆಯ ಮೇ ತಿಂಗಳ ಆರಂಭದಲ್ಲಿ ವಾರ್ಡನ ಮಾತು ಕೇಳಿ, ವ್ಯಾಂಡರ್‌ಬಿಲ್ಟ್ ಎಂಬ ಧನಿಕನಲ್ಲಿ ೧,೫೦,೦೦೦ ಡಾಲರು ಸಾಲ ತಂದುಕೊಟ್ಟನು. ಎರಡು ದಿನ ಕಳೆಯುವಷ್ಟರಲ್ಲಿ ಕೋಠಿ ಮುರಿಯಿತು. ಎಲ್ಲವೂ ವಂಚನೆಯೆಂದು ತಿಳಿಯಿತು. ಸಾಲವನ್ನು ಬಿಟ್ಟುಬಿಡಲು ವ್ಯಾಂಡರ್‌ಬಿಲ್ಟನು ಸಿದ್ಧನಿದ್ದರೂ ಗ್ರಾಂಟ್ ದಂಪತಿಗಳು ಒಪ್ಪಲಿಲ್ಲ. ಮನೆಮಾರುಗಳನ್ನು, ದೇಶವಿದೇಶಗಳು ಕಾಣಿಕೆಯಿತ್ತ ಖಡ್ಗಗಳನ್ನು, ಪದಕಗಳನ್ನು ಅವನಿಗೆ ಬರೆದುಕೊಟ್ಟರು. ಆ ವಸ್ತುಗಳು ಮುಂದೆ ರಾಷ್ಟ್ರದ ಸೊತ್ತಾದವು.

ಅದೇ ಬೇಸಗೆಯಲ್ಲಿ ಒಂದು ದಿನ ಹಣ್ಣನ್ನು ಕಚ್ಚಿ ನುಂಗಿದಾಗ ಗಂಟಲಿನಲ್ಲಿ ಅಸಹ್ಯ ನೋವು ಕಾಣಿಸಿತು. ಗ್ರಾಂಟನು ಅದನ್ನು ಲಕ್ಷಿಸದೆ ತಿಂಗಳುಗಳನ್ನು ಕಳೆದನು. ಅಕ್ಟೋಬರಿನಲ್ಲಿ ಗಂಟಲಿನ ವೈದ್ಯ ಡಗ್ಲಸನು ಪರೀಕ್ಷಿಸಿ, ನಾಲಗೆಯ ಬುಡದಲ್ಲಿ ಕ್ಯಾನ್ಸರ್ ಎಂಬ ಅರ್ಬುದ ರೋಗವನ್ನು ಕಂಡನು. ಡೊನೆಲ್ಸನ್ ಕೋಟೆಯ ಗೆಲುವಿನ ಕಾಲದಲ್ಲಿ ಪತ್ರಿಕೆಗಳು ಅವನ ಚುಟ್ಟಾದ ಸುದ್ದಿ ಬರೆಯಲು, ಜನರು ಅಭಿಮಾನದಿಂದ ಸಾವಿರಾರು ಚುಟ್ಟಾಗಳನ್ನು ಕಳುಹಿಸಿದ್ದರು. ಅಂದಿನಿಂದ ಬಾಯಿಂದ ಚುಟ್ಟಾ ತಪ್ಪಿದುದು ಅಪರೂಪ. ಈಗ ಬಿಟ್ಟರೂ ಕಾಲ ಮಿಂಚಿತ್ತು. ಈ ರೋಗಕ್ಕೆ ಇಂದು ಶಸ್ತ್ರಕ್ರಿಯೆ, ಕಿರಣಚಿಕಿತ್ಸೆ, ಔಷಧಗಳಿವೆ. ಬೇಗನೆ ಕಂಡರೆ ಗುಣವಾಗುವುದೂ ಉಂಟು. ಅಂದು ನೋವನ್ನು ಶಮನಗೊಳಿಸುವುದರ ಹೊರತು ವೈದ್ಯರಿಗೆ ಬೇರೆ ದಾರಿಯಿರಲಿಲ್ಲ.

ರಾಜ್ಯ ಹೋಗಿತ್ತು, ಧನ ಹೋಗಿತ್ತು, ದೇಹವೂ ಹೋಗುವುದೆಂಬುದು ನಿಶ್ಚಯವಾಯಿತು. ಹಾಗಾದರೆ ಉಳಿದುದೇನು? ಗ್ರಾಂಟನಿಗೆ ಎರಡು ಋಣಗಳು ಕಂಡವು. ಒಂದು, ತನ್ನ ವಿಶ್ವಾಸದ ತಪ್ಪಿನಿಂದ ನಿರ್ಗತಿಕಳಾದ ಪತ್ನಿಯ ಋಣ. ಇನ್ನೊಂದು, ತಾನು ಕಂಡುದನ್ನು ಕಂಡಂತೆ ಹೇಳಬೇಕಾದ ಸತ್ಯದ ಋಣ. ಎರಡನ್ನೂ ಒಂದೇ ಕಾರ್ಯದಿಂದ ತೀರಿಸಬಹುದಾಗಿತ್ತು: ಅದು ಆತ್ಮಚರಿತ್ರೆಯ ರಚನೆ.

ಅವನು ಮಿತಭಾಷಿ, ಗ್ರಂಥಕರ್ತನೆಂದು ತನ್ನನ್ನು ಎಣಿಸಿದವನಲ್ಲ. ಪತ್ರಿಕೆಯೊಂದಕ್ಕೆ ಬರೆದುಕೊಟ್ಟ ಮೊದಲ ಯುದ್ಧಲೇಖನವು ಸರಕಾರಿ ವರದಿಯಂತೆ ನೀರಸವಾಗಿತ್ತು. ಮಾತನಾಡಿದಂತೆ ಬರೆಯಬೇಕೆಂದು ಸಂಪಾದಕನು ಸೂಚಿಸಲು, ಅರವತ್ತೆರಡರ ಆ ಹಿರಿಯನು ವಿದ್ಯಾರ್ಥಿಯಂತೆ ತಿದ್ದಿಕೊಂಡನು. ಪ್ರಸಿದ್ಧ ಸಾಹಿತಿ ಮಾರ್ಕ್ ಟ್ವೇನನು ಗ್ರಂಥದ ಪ್ರಕಟನೆಯನ್ನು ವಹಿಸಿಕೊಂಡು, ಲಾಭದಲ್ಲಿ ನೂರಕ್ಕೆ ೭೦ ಪಾಲು ಕೊಡುವುದಾಗಿ ೧೮೮೫ನೆಯ ಫೆಬ್ರವರಿಯಲ್ಲಿ ಒಪ್ಪಂದ ಮಾಡಿಕೊಂಡನು.

ಅನಂತರ ನಡೆದುದು ಕಾಲದೊಡನೆ ಪೈಪೋಟಿ. ಮಲಗಿದರೆ ಉಸಿರು ಕಟ್ಟುವುದೆಂಬ ಭಯದಿಂದ ಎದುರುಬದುರಾದ ಎರಡು ಕುರ್ಚಿಗಳಲ್ಲಿ ಕುಳಿತೇ ರಾತ್ರಿಯನ್ನು ಕಳೆಯುತ್ತಿದ್ದನು. ನೀರು ನುಂಗುವುದೂ ಯಾತನೆಯಾಗಿತ್ತು. ನೋವು ಮರೆಸುವ ಔಷಧವು ಬುದ್ಧಿಯನ್ನು ಮಂಕಾಗಿಸುವುದೆಂದು ಅದನ್ನು ಆದಷ್ಟು ಮಿತಗೊಳಿಸಿದನು. ಏಪ್ರಿಲಿನಲ್ಲಿ ಇನ್ನಿಲ್ಲವೆಂಬ ಸ್ಥಿತಿಗೆ ಬಂದು, ಚೇತರಿಸಿಕೊಂಡೊಡನೆ ಮತ್ತೆ ಹಸ್ತಪ್ರತಿಯನ್ನು ಕೇಳಿದನು. ಬೇರೊಬ್ಬರು ಬರೆಯುತ್ತಿದ್ದಾರೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ಕೃತಿ ಸಂಪೂರ್ಣವಾಗಿ ತನ್ನದೇ ಎಂದು ಪ್ರಕಟಿಸಿ ಕೆಲಸ ಮುಂದುವರಿಸಿದನು. ಸ್ವರವಿದ್ದಷ್ಟು ದಿನ ಲಿಪಿಕಾರನಿಗೆ ಹೇಳಿ ಬರೆಸಿದನು. ಸ್ವರವಡಗಿದ ಮೇಲೆ ಸೀಸದ ಕಡ್ಡಿ ಹಿಡಿದು ತಾನೇ ಬರೆದನು.

ಸಾವಿನ ಸಾನ್ನಿಧ್ಯವು ಅವನ ಬರಹದಿಂದ ಆತ್ಮಸ್ತುತಿಯನ್ನು ತೆಗೆದುಹಾಕಿತು. ತಾನೇ ಭಾಗವಹಿಸಿದ್ದ ಮೆಕ್ಸಿಕೊ ಯುದ್ಧವನ್ನು, ಬಲಿಷ್ಠ ರಾಷ್ಟ್ರವು ದುರ್ಬಲ ರಾಷ್ಟ್ರದ ಮೇಲೆ ನಡೆಸಿದ ಅನ್ಯಾಯವೆಂದು ತೀರ್ಮಾನಿಸಿದನು. ೧೮೬೪ರಲ್ಲಿ ಕೋಲ್ಡ್ ಹಾರ್ಬರಿನಲ್ಲಿ ತಾನು ಆಜ್ಞಾಪಿಸಿದ ಕೊನೆಯ ಆಕ್ರಮಣವು ಪ್ರಯೋಜನವಿಲ್ಲದೆ ಜೀವಗಳನ್ನು ಬಲಿಗೊಂಡಿತೆಂದು ಪಶ್ಚಾತ್ತಾಪಪಟ್ಟನು. ಅಂತರ್ಯುದ್ಧದ ಮೂಲ ಗುಲಾಮಗಿರಿಯೇ ಎಂದು ಸಂಶಯಕ್ಕೆಡೆಯಿಲ್ಲದಂತೆ ಬರೆದನು. ಎಂಟು ವರ್ಷಗಳ ಅಧ್ಯಕ್ಷ ಪದವಿಯ ಕಥನವು ಆ ಗ್ರಂಥದಲ್ಲಿ ಇಲ್ಲವೇ ಇಲ್ಲ.

ಜೂನ್ ೧೬ರಂದು ಅವನನ್ನು ತಂಪು ಹವೆಗಾಗಿ ಮೌಂಟ್ ಮೆಕ್‌ಗ್ರೆಗರ್ ಗುಡ್ಡದ ಮೇಲಿನ ಮನೆಗೆ ಕರೆದೊಯ್ದರು. ಜುಲೈ ತಿಂಗಳಲ್ಲಿ ಅಲ್ಲಿಗೆ ಬಂದ ಒಬ್ಬ ಅತಿಥಿ, ಡೊನೆಲ್ಸನ್ ಕೋಟೆಯಲ್ಲಿ ಅವನಿಗೆ ಶರಣಾಗಿದ್ದ ಶತ್ರುಸೇನಾನಿ ಬಕ್ನರನು. ಸೈನ್ಯವನ್ನು ಬಿಟ್ಟು ಬರಿಗೈಯಲ್ಲಿ ಬಂದ ದಿನಗಳಲ್ಲಿ ಗ್ರಾಂಟನಿಗೆ ನೆರವಾದವನೂ ಅವನೇ. ಮಾತನಾಡಲಾರದ ಗ್ರಾಂಟನು ಚೀಟಿಗಳಲ್ಲಿ ಬರೆದು, ಒಡೆದಿದ್ದ ಎರಡು ಪಕ್ಷಗಳಲ್ಲಿ ಸೌಹಾರ್ದ ಮೂಡಿದುದನ್ನು ಕಣ್ಣಾರೆ ಕಂಡ ಸಂತೋಷವನ್ನು ತಿಳಿಸಿದನು. ಒಂದೆರಡು ವಾರದೊಳಗೆ ಗ್ರಂಥ ಮುಗಿಯಿತು. ಕೆಲವೇ ದಿನಗಳಲ್ಲಿ, ಜುಲೈ ೨೩ರ ಬೆಳಗ್ಗೆ, ಅವನ ಪ್ರಾಣಪಕ್ಷಿ ಹಾರಿತು. ಬಕ್ನರನು ಅವನ ಶವಪೆಟ್ಟಿಗೆಯೊಡನೆ ನಡೆದನು.

ಎರಡು ಸಂಪುಟಗಳ ಆ ಗ್ರಂಥದ ೩,೦೦,೦೦೦ಕ್ಕೂ ಹೆಚ್ಚು ಜೊತೆಗಳು ಮಾರಾಟವಾದವು. ೧೮೮೬ರಲ್ಲಿ ಜೂಲಿಯಾಳಿಗೆ ೨,೦೦,೦೦೦ ಡಾಲರುಗಳ ಮೊದಲ ಹುಂಡಿ ಬಂದಿತು. ಒಟ್ಟು ಗೌರವಧನ ೪,೦೦,೦೦೦ ಡಾಲರುಗಳನ್ನು ಮೀರಿತು. ಆ ಹಣವನ್ನು ಗ್ರಾಂಟನು ನೋಡಲಿಲ್ಲ. ಆದರೆ ಕೊನೆಯ ಪುಟವನ್ನು ಮುಗಿಸಿದಾಗಲೇ ಅವನ ಮನಸ್ಸು ಋಣಮುಕ್ತವಾಗಿತ್ತು.

ರೋಗವು ಗ್ರಾಂಟನಿಗೆ ಹೊಸ ಗುಣವನ್ನೇನೂ ಕೊಡಲಿಲ್ಲ. ಗುಲಾಮನನ್ನು ಬಿಡಿಸಿದ, ಸೋತವರಿಗೆ ಅನ್ನವಿಕ್ಕಿದ ಗುಣವೇ ಅವನಲ್ಲಿ ಮೊದಲಿನಿಂದ ಇದ್ದಿತು. ಅದರ ಮೇಲೆ ಕೀರ್ತಿ, ಪದವಿ, ಹಣದಾಸೆಗಳ ಧೂಳು ಕವಿದಿತ್ತು. ಮರಣವು ಬಾಗಿಲಿಗೆ ಬಂದಾಗ ಧೂಳು ಹಾರಿಹೋಗಿ, ಮನೆಯವರ ಹೊಣೆ, ಆಡಿದ ಮಾತು, ಹೇಳಬೇಕಾದ ನಿಜ, ಕೈಯಲ್ಲಿದ್ದ ಕೆಲಸ, ಇವಿಷ್ಟೇ ಉಳಿದವು. ಇವು ಸಂಸಾರಿಯಾದ ಪ್ರತಿಯೊಬ್ಬನ ಎದುರಿಗೂ ಪ್ರತಿದಿನ ಇರುವಂಥವೇ. ಇವನ್ನು ಗುರುತಿಸಲು ರೋಗವು ಬರುವವರೆಗೆ ಕಾಯಬೇಕಾಗಿಲ್ಲ. ಬಂದರೂ, ಹೊತ್ತು ಮುಳುಗಿತೆಂದು ಕೈಚೆಲ್ಲಬೇಕಾಗಿಲ್ಲ.