ದುಡಿಯುವವರ ವಕೀಲ ನಮ್ಮ ಬಾಬಾಸಾಹೇಬರು



ನಮ್ಮೆಲ್ಲರ ಮನೆಯಾಗ ಬಾಬಾಸಾಹೇಬರ ಫೋಟೋ ಐತಿ. ಕೋಟು, ಟೈ, ಕೈಯಲ್ಲಿ ಪುಸ್ತಕ. ಆದರೆ ಅವರು ವಕೀಲರಾಗಿದ್ದು ಹೆಂಗ, ಯಾಕ ಅಂತ ಯಾರಾದ್ರೂ ಕೇಳಿದ್ರ ನೀವು ಏನು ಹೇಳ್ತೀರಿ? ಬಿ.ಎ. ಓದುವ ನನಗೂ ಮೊದಲು ಸರಿಯಾಗಿ ಗೊತ್ತಿರಲಿಲ್ಲ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಅವರು ಹುಟ್ಟಿದ್ದು 14 ಏಪ್ರಿಲ್ 1891, ಮಹೂ ಎಂಬ ಸೈನ್ಯದ ಊರಲ್ಲಿ. ತಂದೆ ರಾಮಜಿ ಸುಭೇದಾರರು. ಸಾತಾರದಲ್ಲಿ ಶಾಲೆ ಓದಿದರು. ಮುಂದೆ ಮುಂಬೈಗೆ ಬಂದಾಗ ಇಡೀ ಮನೆತನ ಪರೇಲಿನ ಚಾಳಿನಲ್ಲಿ ಒಂದೇ ಖೋಲಿಯಲ್ಲಿತ್ತು. ಅಕ್ಕಪಕ್ಕ ಎಲ್ಲಾ ಗಿರಣಿ ಕಾಮಗಾರರು. ಹಂಗಾಗಿ ದುಡಿಯುವವರ ಬಾಳು ಅವರು ಪುಸ್ತಕದಿಂದ ಕಲಿತದ್ದಲ್ಲ, ನೋಡ್ರಿ. 1912ರಲ್ಲಿ ಬಿ.ಎ. ಆಯಿತು. ಮರುವರ್ಷ ಬಡೋದೆ ಮಹಾರಾಜರ ಶಿಷ್ಯವೇತನದ ಮೇಲೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಓದಿದ್ದು ಅರ್ಥಶಾಸ್ತ್ರ. 1916ರಲ್ಲಿ ಲಂಡನ್ನಿಗೆ ಹೋಗಿ ಕಾನೂನು ಕಲಿಯಲು ಗ್ರೇಸ್ ಇನ್ ಸೇರಿದರು. ಆದರೆ ಶಿಷ್ಯವೇತನದ ಅವಧಿ ಮುಗಿಯಿತು, ಓದು ಅರ್ಧಕ್ಕೇ ನಿಂತಿತು.

1917ರಲ್ಲಿ ಕರಾರಿನ ಪ್ರಕಾರ ಬಡೋದೆಯ ನೌಕರಿಗೆ ಹೋದರು. ಅಲ್ಲಿ ಏನಾಯ್ತು ಗೊತ್ತೇನ್ರಿ? ಕಚೇರಿಯ ಜವಾನರು ಕಾಗದವನ್ನು ಕೈಗೆ ಕೊಡದೆ ದೂರದಿಂದ ಒಗೆಯುತ್ತಿದ್ದರು. ಇಡೀ ಊರಲ್ಲಿ ಬಾಡಿಗೆ ಮನೆ ಸಿಗಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಹೆಸರು ಬದಲಿಸಿ ಉಳಿದರು. 11ನೇ ದಿನ ಬಡಿಗೆ ಹಿಡಿದವರ ಗುಂಪು ಬಂದು ಹೊರಗೆ ಹಾಕಿತು. ಅಮೆರಿಕದಲ್ಲಿ ಕಲಿತು ಬಂದ ಮನುಷ್ಯ ಗಿಡದ ಕೆಳಗೆ ಕೂತು ಅತ್ತರು, ರಾತ್ರಿ ರೈಲು ಹತ್ತಿದರು. ಡಿಗ್ರಿ ಇತ್ತು, ನೌಕರಿ ಇತ್ತು, ಆದರೆ ಅವೆರಡೂ ಅವರನ್ನು ಕಾಯಲಿಲ್ಲ.

ಆಮೇಲೆ ಅವರು ಸುಮ್ಮನೆ ಕೂಡಲಿಲ್ಲ. ಮುಂಬೈಯ ಸಿಡೆನ್ಹ್ಯಾಮ್ ಕಾಲೇಜಿನಲ್ಲಿ ಕಲಿಸುತ್ತಾ ದುಡ್ಡು ಕೂಡಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರೂ ನೆರವಾದರು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ, ಅರೆಹೊಟ್ಟೆ ಉಂಡು ಓದಿ, 1922ರಲ್ಲಿ ಬ್ಯಾರಿಸ್ಟರ್ ಆದರು. 1923ರಲ್ಲಿ ಮುಂಬೈ ಹೈಕೋರ್ಟಿನಲ್ಲಿ ವಕೀಲಿ ಶುರು. ಸನದು ತೆಗೆಸಲೂ ಕೈಯಲ್ಲಿ ರೊಕ್ಕ ಇರಲಿಲ್ಲ, ಗೆಳೆಯರೊಬ್ಬರು ಕೊಟ್ಟರು. ಅಸ್ಪೃಶ್ಯ ವಕೀಲನ ಕಡೆ ದೊಡ್ಡ ದೊಡ್ಡ ಕೇಸು ಬರುತ್ತಿರಲಿಲ್ಲ. ಬಡವರು ಮಾತ್ರ ಪರೇಲಿನ ದಾಮೋದರ ಹಾಲಿಗೆ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಆ ದಿನಗಳಲ್ಲೇ, 1925ರ ಜನವರಿಯಲ್ಲಿ, ಅವರ ಬಹಿಷ್ಕೃತ ಹಿತಕಾರಿಣಿ ಸಭಾ ನಮ್ಮ ಸೋಲಾಪುರದಲ್ಲಿ ಮಕ್ಕಳಿಗಾಗಿ ವಸತಿಗೃಹ ತೆರೆಯಿತು. ಇದು ನಮ್ಮ ಊರಿನ ಪುಣ್ಯ.

1928ರ ಮುಂಬೈ ಗಿರಣಿ ಮುಷ್ಕರದ ಹೊತ್ತಿಗೆ ಅವರು ಒಂದು ನೇರ ಪ್ರಶ್ನೆ ಎತ್ತಿದರು. ಹೆಚ್ಚು ಕೂಲಿಯ ನೇಯ್ಗೆ ಖಾತೆಯೊಳಗೆ ನಮ್ಮವರನ್ನು ಯಾಕೆ ಬಿಡುವುದಿಲ್ಲ? ಹರಿದ ನೂಲನ್ನು ಬಾಯಿ ತಾಗಿಸಿ ಜೋಡಿಸಬೇಕಿತ್ತು, ಅಲ್ಲಿ ಮೈಲಿಗೆ ಅಡ್ಡ ಬಂದಿತ್ತು. ಮಾಲಕ ಒಬ್ಬನೇ ಅಲ್ಲ, ಜೊತೆ ದುಡಿಯುವವನೂ ಅನ್ಯಾಯ ಮಾಡಬಹುದು ಎಂದು ಅವರು ತೋರಿಸಿಕೊಟ್ಟರು. 1936ರಲ್ಲಿ ಸ್ವತಂತ್ರ ಮಜೂರ ಪಕ್ಷ ಕಟ್ಟಿದರು. ಮುಷ್ಕರ ಮಾಡಿದವನಿಗೆ ಜೈಲು ಎನ್ನುವ ಮಸೂದೆ ಬಂದಾಗ ಶಾಸನಸಭೆಯಲ್ಲಿ ವಾದಿಸಿದರು. ಒಲ್ಲದ ಕೆಲಸವನ್ನು ಶಿಕ್ಷೆಯ ಹೆದರಿಕೆಯಿಂದ ಮಾಡಿಸಿದರೆ ಅದು ಗುಲಾಮಗಿರಿಯೇ ಎಂಬುದು ಅವರ ವಾದ. 7 ನವೆಂಬರ್ 1938ರಂದು ಕಾಮಗಾರರ ಜೊತೆ ಬೀದಿಗೂ ಇಳಿದರು.

1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರದಾಗಿತ್ತು. ಧನಬಾದಿನ ಕಲ್ಲಿದ್ದಲು ಗಣಿಗೆ ತಾವೇ ಇಳಿದು ನೋಡಿದರು. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರಕ್ಕೆ 54 ತಾಸಿದ್ದ ದುಡಿಮೆ 48 ತಾಸಿಗೆ ಇಳಿದದ್ದು 1946ರ ತಿದ್ದುಪಡಿಯಿಂದ. ಕನಿಷ್ಠ ಕೂಲಿಯ ಮಸೂದೆಯೂ ಅವರ ಕಾಲದಲ್ಲೇ ಮಂಡನೆಯಾಯಿತು.

6 ಡಿಸೆಂಬರ್ 1956ರಂದು ಅವರು ನಮ್ಮನ್ನು ಅಗಲಿದರು.

ಈಗ ನಿಮ್ಮನ್ನೇ ಕೇಳ್ತೀನಿ. ನಮ್ಮ ಓಣಿಯ ಎಷ್ಟು ಅಕ್ಕಂದಿರು ಬೀಡಿ ಕಟ್ಟುತ್ತಾರೆ, ಎಷ್ಟು ಅಣ್ಣಂದಿರು ನೇಮಕಪತ್ರ ಇಲ್ಲದೆ ದುಡಿಯುತ್ತಾರೆ? ಪಗಾರ ಹಿಡಿದರೆ ಯಾರ ಕಡೆ ಹೋಗಬೇಕು ಅಂತ ಅವರಿಗೆ ಗೊತ್ತೈತೇನು? ಫೋಟೋಕ್ಕೆ ಹಾರ ಹಾಕೋಣ, ಬ್ಯಾಡ ಅನ್ನಂಗಿಲ್ಲ. ಆದ್ರ ಪ್ರತಿ ಓಣಿಯಿಂದ ಒಬ್ಬರಾದ್ರೂ ಕಾನೂನು ಓದಬೇಕು. ಬಿ.ಎ. ಮುಗಿದ ಮೇಲೆ ನಾನು ಎಲ್‌ಎಲ್‌ಬಿಗೆ ಅರ್ಜಿ ಹಾಕುವವ. ನನ್ನ ಜೊತೆ ಯಾರು ಬರ್ತೀರಿ?