ಜಗದೀಶ್ ಚಂದ್ರ ಬೋಸ್

ಬೋಸ್ 1858ರ ನವೆಂಬರ್ 30ರಂದು ಬಂಗಾಳದಲ್ಲಿ ಹುಟ್ಟಿದರು. ತಂದೆ ಸರ್ಕಾರಿ ಅಧಿಕಾರಿಯಾದರೂ ಮಗನನ್ನು ಬಂಗಾಳಿ ಶಾಲೆಗೇ ಸೇರಿಸಿದರು. ಅಲ್ಲಿ ಅವರ ಪಕ್ಕ ಕೂರುತ್ತಿದ್ದವರು ತಂದೆಯ ಮುಸ್ಲಿಂ ಜವಾನನ ಮಗ ಮತ್ತು ಒಬ್ಬ ಮೀನುಗಾರನ ಮಗ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಕಲಿತ ನನಗೆ ಇದು ಬಹಳ ಇಷ್ಟವಾಯಿತು.

ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭಾರತೀಯರಿಗೆ ಸಂಬಳ ಕಡಿಮೆಯಿತ್ತು. ಬೋಸ್ ಮೂರು ವರ್ಷ ಸಂಬಳ ಮುಟ್ಟದೆ ಪಾಠ ಮಾಡಿದರು.

ಆಗ ರೇಡಿಯೊ ಅಲೆ ಹಿಡಿಯಲು ಗಾಜಿನ ಕೊಳವೆಯಲ್ಲಿ ಲೋಹದ ಪುಡಿ ತುಂಬುತ್ತಿದ್ದರು. ಒಂದು ಸಲ ಅಲೆ ಬಂದರೆ ಮತ್ತೆ ತಟ್ಟಿ ಸರಿಮಾಡಬೇಕು. ಬಂಗಾಳದ ತೇವಕ್ಕೆ ಕಬ್ಬಿಣದ ಪುಡಿ ತುಕ್ಕು ಹಿಡಿಯುತ್ತಿತ್ತು. ಬೋಸ್ ಪುಡಿ ಬಿಟ್ಟು ಸಣ್ಣ ಸ್ಪ್ರಿಂಗ್‌ಗಳನ್ನು ಜೋಡಿಸಿದರು. ಆಮೇಲೆ ಗೆಲೀನಾ ಎಂಬ ಸೀಸದ ಅದಿರಿಗೆ ಲೋಹದ ಮೊನೆ ತಾಗಿಸಿ, ಒತ್ತಡವನ್ನು ತಿರುಪಿನಿಂದ ಹೊಂದಿಸಿದರು. ಗೆಲೀನಾ ಒಂದು ಅರೆವಾಹಕ. ಸ್ನೇಹಿತರ ಒತ್ತಾಯಕ್ಕೆ ಪೇಟೆಂಟ್‌ಗೆ ಅರ್ಜಿ ಹಾಕಿದರು. 1904ರಲ್ಲಿ ಅಮೆರಿಕ ಅದನ್ನು ಕೊಟ್ಟಿತು. ಆದರೆ ಅದರಿಂದ ಹಣ ಮಾಡಲು ಹೋಗಲಿಲ್ಲ. ಕಾಮರ್ಸ್ ಓದುವ ನನಗೆ ಇದನ್ನು ಒಪ್ಪುವುದು ಸ್ವಲ್ಪ ಕಷ್ಟ!

ಮುಂದೆ ಅವರು ಗಿಡಗಳ ಕಡೆ ತಿರುಗಿದರು. ಗಿಡದ ಬೆಳವಣಿಗೆಯನ್ನು 10,000 ಪಟ್ಟು ದೊಡ್ಡದಾಗಿ ತೋರಿಸುವ ಕ್ರೆಸ್ಕೋಗ್ರಾಫ್ ಮಾಡಿದರು. 1917ರಲ್ಲಿ ಕಲ್ಕತ್ತೆಯಲ್ಲಿ ಸ್ವಂತ ಸಂಶೋಧನಾ ಸಂಸ್ಥೆ ಕಟ್ಟಿದರು. 1937ರ ನವೆಂಬರ್ 23ರಂದು ತೀರಿಕೊಂಡರು.

ಅರೆವಾಹಕದಿಂದಲೇ ರಕ್ತ, ಬೆವರಿನಲ್ಲಿರುವುದನ್ನು ಅಳೆಯುವ ಬಯೋಸೆನ್ಸರ್‌ಗಳು ಬಂದದ್ದು ಅವರ ನಂತರ, 1970ರಿಂದೀಚೆಗೆ. ಅವುಗಳ ಕಷ್ಟವೂ ಹೆಚ್ಚುಕಡಿಮೆ ಬೋಸರದ್ದೇ: ಅತಿ ಸಣ್ಣ ಸುಳಿವನ್ನೂ ಹಿಡಿಯಬೇಕು, ತೇವಕ್ಕೆ ಕೆಡಬಾರದು. ಶುಗರ್ ನೋಡುವ ಸ್ಟ್ರಿಪ್ ಬೇರೆ ಜಾತಿಯ ಬಯೋಸೆನ್ಸರ್, ಅದಕ್ಕೂ ತೇವ ಆಗದು. ನಮ್ಮ ದಾದಿಮಾ ಅದರ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಈಗ ನಾನೇ ಓಡಿಹೋಗಿ ಮುಚ್ಚುತ್ತೇನೆ.